ಇಬ್ಬರು ಹೊಡೆದ ಗಾಡಿ

ನಮ್ಮ ಗಾಡಿಯನ್ನು ನಾವು ಗಂಡ ಹೆಂಡತಿ ಇಬ್ಬರೂ ಕೂಡಿ ಹೊಡೆಯುತ್ತಿದ್ದೆವು. ಹೀಗೆಂದರೆ ಕೇಳಿದವರು, ಅವರು ದಣಿದಾಗ ನಾನು, ನಾನು ದಣಿದಾಗ ಅವರು ಎಂದು ತಿಳಿಯುತ್ತಾರೆ. ಹಾಗಲ್ಲ. ಒಂದೇ ಹೊತ್ತಿಗೆ, ಒಂದೇ ಸೀಟಿನ ಮೇಲೆ, ಭುಜಕ್ಕೆ ಭುಜ ತಾಗಿಸಿ ಕುಳಿತು ಹೊಡೆಯುತ್ತಿದ್ದೆವು. ಸ್ಟೇರಿಂಗು, ಬ್ರೇಕು, ಎಕ್ಸಲೇಟರು ನಮ್ಮ ಮನೆಯವರ ಪಾಲಿಗೆ. ಕ್ಲಚ್ಚು, ಗೇರು ನನ್ನ ಪಾಲಿಗೆ. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ಹೂಲಿ, ಸಿರಸಂಗಿ, ಒಮ್ಮೊಮ್ಮೆ ನನ್ನ ತವರು ರಾಮದುರ್ಗದವರೆಗೂ ಹೀಗೇ ಓಡಾಡಿದ್ದೇವೆ. ಕಾನೂನಿನಲ್ಲಿ ಇದಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲು ಹೋಗಲೂ ಇಲ್ಲ.

ಇವರದು ಬೈಲಹೊಂಗಲದಲ್ಲಿ ಒಂದು ಸಣ್ಣ ಹತ್ತಿ ಜಿನ್ನು. ರೈತರಿಂದ ಹತ್ತಿ ತಂದು ಕಾಳು ಬೇರೆ, ಅರಳೆ ಬೇರೆ ಮಾಡುವ ಕೆಲಸ. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರನೆಯವರು ಯಾರಾದರೂ ಇದ್ದರೆ ಅದು ಅಂಗಳದಲ್ಲಿ ನಿಂತಿರುತ್ತಿದ್ದ ಬಿಳಿ ಅಂಬಾಸಿಡರ್. ಯಾರೋ ಬಳಸಿ ಮಾರಿದ್ದು. ಮುಂದಿನ ಸೀಟು ಸಾಲೆಯ ಬೆಂಚಿನ ಹಾಗೆ ಉದ್ದಕ್ಕೆ ಒಂದೇ. ಗೇರಿನ ಕೋಲು ನೆಲದಿಂದ ಎದ್ದು ಬರದೆ, ಸ್ಟೇರಿಂಗಿನ ಕೆಳಗೆ ಎಡಕ್ಕೆ ಚಾಚಿಕೊಂಡಿರುವ ಹಳೆಯ ನಮೂನೆ.

ಅಷ್ಟು ಉದ್ದದ ಸೀಟಿನಲ್ಲಿ ನನಗೆ ಮಾತ್ರ ಜಾಗವಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನನ್ನದು ಹಿಂದಿನ ಸೀಟು. ಮುಂದೆ ದಲಾಲರು ಕೂಡುತ್ತಿದ್ದರು, ಇಲ್ಲವೇ ಊರಿನ ಯಾರಾದರೂ ಹಿರಿಯರು. ಯಾರೂ ಇಲ್ಲದ ದಿನ ಹತ್ತಿಯ ಗಂಟೊಂದು ರಾಜನ ಹಾಗೆ ಕುಳಿತಿರುತ್ತಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪೇಟೆಯಲ್ಲಿ ಹಾಯುವುದೆಂದರೆ ಇವರಿಗೆ ಎಲ್ಲಿಲ್ಲದ ನಾಚಿಕೆ. ಮನೆಯಲ್ಲೂ ಮಾತು ಕಡಿಮೆ. ನಾನೋ ಸುಮ್ಮನೆ ಕೂಡಲಾರದವಳು. ಆ ವರ್ಷಗಳಲ್ಲಿ ನಾನು ಇವರ ಮುಖಕ್ಕಿಂತ ಇವರ ಹಿಂದಲೆಯ ಜೊತೆಗೇ ಹೆಚ್ಚು ಜಗಳ ಮಾಡಿದ್ದೇನೆ.

ಇವರು ತಾವಾಗಿ ಬಾಯಿ ಬಿಡುತ್ತಿದ್ದುದು ಒಂದೇ ಸಂಗತಿಗೆ, ಗೇರಿನ ಸಂಗತಿಗೆ. "ಎಂಜಿನ್ನಿನ ದನಿ ಏರತೈತಿ, ಏರತೈತಿ, ಇನ್ನ ಸಾಕು ಅಂತೈತಿ. ಆವಾಗ ಕ್ಲಚ್ ಒತ್ತಿ ಮುಂದಿನ ಗೇರ್ ಹಾಕಬೇಕು. ದನಿ ಇಳೀತೈತಿ, ಗಾಡಿ ಓಡತೈತಿ. ಕಣ್ಣ ಮುಚ್ಚಿದ್ರೂ ಕಿವಿಗೆ ತಿಳೀಬೇಕು," ಎನ್ನುತ್ತಿದ್ದರು. ಹಿಂದೆ ಕುಳಿತು ಕೇಳಿ ಕೇಳಿ ನನ್ನ ಕಿವಿಗೂ ತಿಳಿಯತೊಡಗಿತ್ತು. ಆದರೆ ನನ್ನ ಕಿವಿಯನ್ನು ಕೇಳುವವರು ಯಾರು?

ತೊಂಬತ್ತರ ದಶಕದ ನಡುವೆ ಒಂದು ಮುಂಜಾನೆ, ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವರು ಅಲ್ಲೇ ಕುಸಿದರು. ಲಕ್ವಾ ಹೊಡೆದಿತ್ತು. ಜೀವ ಉಳಿಯಿತು, ಮಾತು ಉಳಿಯಿತು, ಎಡಗೈ ಎಡಗಾಲು ಹೋದವು. ಬಲಭಾಗ ಮೊದಲಿನಷ್ಟೇ ಗಟ್ಟಿ. ಕೆಲವು ತಿಂಗಳಿಗೆ ಕೋಲು ಹಿಡಿದು ಅಂಗಳ ದಾಟುವಷ್ಟಾದರು. ಆದರೆ ಕ್ಲಚ್ಚು ಎಡಗಾಲಿನ ಕೆಲಸ, ಗೇರು ಎಡಗೈಯ ಕೆಲಸ. "ಡ್ರೈವರ್ ಅರ್ಧಾ ಉಳದಾನ, ಅರ್ಧಾ ಹ್ವಾದ," ಎಂದು ನೋಡಲು ಬಂದವರಿಗೆ ಇವರೇ ಹೇಳಿ ನಗಿಸುತ್ತಿದ್ದರು. ಬಂದವರು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು.

ಸಂಜೆ ನಾನು ಸಾಲೆಯಿಂದ ಬರುವಾಗ ಮನೆಯ ಅಂಗಳದಲ್ಲಿ, ನಿಂತ ಗಾಡಿಯೊಳಗೆ ಕುಳಿತಿರುತ್ತಿದ್ದರು. ಎಂಜಿನ್ನು ಚಾಲೂ ಮಾಡುವುದು, ಬಲಗಾಲಿನಿಂದ ದನಿ ಏರಿಸುವುದು, ಇಳಿಸುವುದು. ಗಾಡಿ ಒಂದಿಂಚೂ ಅಲುಗುತ್ತಿರಲಿಲ್ಲ. ನೋಡಲು ನನ್ನಿಂದ ಆಗುತ್ತಿರಲಿಲ್ಲ. ಒಂದು ಸಂಜೆ ಸಿಟ್ಟು ಬಂದು ಎಡಗಡೆಯ ಬಾಗಿಲು ತೆಗೆದು ಒಳಗೆ ಕುಳಿತೆ, ಸರಿದು ಸರಿದು ಇವರ ಪಕ್ಕಕ್ಕೆ ಬಂದೆ.

"ಒತ್ತೂದು ಯಾವದು ಹೇಳ್ರಿ, ನಾ ಒತ್ತತೇನಿ," ಎಂದೆ.

"ನೀ ಏನ್ ಒತ್ತತಿ? ರೊಟ್ಟಿ ಹಿಟ್ಟು ಅಂತ ಮಾಡೀಯೇನು ಇದನ್ನ?"

"ಹಿಟ್ಟು ನಾದೂದು ನಿಮಗ ಬರತೈತೇನು? ಕಲತರ ಎಲ್ಲಾ ಬರತೈತಿ. ಹೇಳ್ರಿ ಸುಮ್ಮನ."

ಇವರು ಎಂಜಿನ್ನು ಬಂದ್ ಮಾಡಿದರು. ಆಮೇಲೆ ತಮ್ಮ ಸತ್ತ ಎಡಗಾಲನ್ನು ಬಲಗೈಯಿಂದ ಎತ್ತಿ ಸೀಟಿನ ಕೆಳಗೆ ಹಿಂದಕ್ಕೆ ಮಡಚಿಟ್ಟುಕೊಂಡರು. ಖಾಲಿಯಾದ ಜಾಗದಲ್ಲಿ ನಾನು ನನ್ನ ಬಲಗಾಲು ಚಾಚಿ ಕ್ಲಚ್ಚಿನ ಮೇಲಿಟ್ಟೆ. ನನ್ನ ಬಲಗೈ ಗೇರಿನ ಕೋಲಿಗೆ ಎಟುಕಿತು. ಗಂಡನ ಕಾಲ ಮೇಲಿಂದ ಕಾಲು ಚಾಚಿ ಕುಳಿತ ನನ್ನನ್ನು ಆಗ ಯಾರಾದರೂ ನೋಡಿದ್ದರೆ ನೆಲವೇ ಬಾಯಿಬಿಡಬೇಕು ಎನಿಸುತ್ತಿತ್ತು.

"ಒತ್ತು" ಎಂದರೆ ಕ್ಲಚ್ಚು ಒತ್ತುವುದು, "ಹಾಕು" ಎಂದರೆ ಗೇರು ಹಾಕುವುದು, "ಹಗೂರ" ಎಂದರೆ ಕಾಲು ಮೆಲ್ಲಗೆ ತೆಗೆಯುವುದು. ಮೊದಮೊದಲು ಗಾಡಿ ಜಿಗಿದು ಜಿಗಿದು ನಿಂತಿತು. "ಎಮ್ಮಿ ಒದ್ದಂಗ ಒದೀಬ್ಯಾಡ, ಮಗ್ಗಲಾಗ ಕೂಸು ಮಲಗೈತಿ ಅಂತ ತಿಳದು ಕಾಲ ತಗಿ," ಎಂದು ಬೈದರು. ಕೂಸಿನ ಮಾತು ಬಂದದ್ದಕ್ಕೆ ಇವರು ಕನ್ನಡಿ ಒರೆಸತೊಡಗಿದರು, ನಾನು ಸೆರಗು ಸರಿಮಾಡಿಕೊಂಡೆ. ಮತ್ತೆ ಶುರು ಮಾಡಿದೆವು. ಅಂಗಳ ಸುತ್ತಿದೆವು, ಓಣಿ ಸುತ್ತಿದೆವು, ಊರ ಹೊರಗಿನ ಎರೆಹೊಲದ ದಾರಿ ಹಿಡಿದೆವು.

ಬರುಬರುತ್ತ ಇವರು ಹೇಳುವುದೇ ಬೇಡವಾಯಿತು. ಎಂಜಿನ್ನಿನ ದನಿ ಇನ್ನು ಸಾಕು ಎನ್ನುವಷ್ಟರಲ್ಲಿ ಇವರ ಬಲಗಾಲು ಎಕ್ಸಲೇಟರಿನಿಂದ ಏಳುತ್ತಿತ್ತು, ನನ್ನ ಬಲಗಾಲು ಕ್ಲಚ್ಚಿನ ಮೇಲೆ ಬೀಳುತ್ತಿತ್ತು. ಸವದತ್ತಿಯ ಏರಿನ ಬುಡದಲ್ಲಿ ಒಂದು ಬೇವಿನ ಗಿಡ. ಅಲ್ಲಿಗೆ ಬಂದರೆ ಗೇರು ಇಳಿಸಬೇಕು. ಆ ಗಿಡದ ನೆರಳು ಗಾಡಿಯ ಮೂತಿಗೆ ತಾಕಿದ ಕೂಡಲೇ ನನ್ನ ಕಾಲು ತಾನೇ ಹೋಗುತ್ತಿತ್ತು. ಒಬ್ಬ ಮನುಷ್ಯ ಎರಡು ಕಾಲಲ್ಲಿ ಮಾಡುವ ಕೆಲಸವನ್ನು ಇಬ್ಬರು ಒಂದೊಂದು ಕಾಲಲ್ಲಿ ಮಾಡುತ್ತಿದ್ದೆವು, ಅಷ್ಟೇ.

ಊರಲ್ಲಿ ಮಾತಾಡಿದರು. ಮಾತಾಡದೆ ಬಿಟ್ಟಾರೆಯೇ? "ಮುದುಕರಾಗೂ ಹೊತ್ತಿನಾಗ ಹೊಸಾ ಮದುವಿ ಆದಂಗ ಆತು," ಎಂದು ನೆರೆಮನೆಯ ಅತ್ತಿಯವರು ಕಟ್ಟೆಯ ಮೇಲೆ ಕುಳಿತು ನನಗೆ ಕೇಳುವ ಹಾಗೆಯೇ ಹೇಳಿದರು. ಒಮ್ಮೆ ಸವದತ್ತಿಯಲ್ಲಿ ಪೊಲೀಸಪ್ಪ ಗಾಡಿ ನಿಲ್ಲಿಸಿ ಒಳಗೆ ಬಗ್ಗಿ ನೋಡಿದ.

"ಯಾರ್ರೀ ಡ್ರೈವರ್ ಇದರಾಗ?"

"ಇಬ್ಬರೂರಿ," ಎಂದೆ.

"ಯಜಮಾನ್ರ, ಏನ್ರಿ ಇದು?"

"ಅರ್ಧಾ ನಾ ಅದೇನ್ರಿ, ಅರ್ಧಾ ಈಕಿ," ಎಂದು ಇವರು ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಬಿಟ್ಟು ತೋರಿಸಿದರು. ಅದು ತೊಡೆಯ ಮೇಲೆ ಬಿತ್ತು. ಪೊಲೀಸಪ್ಪ ಬಾಗಿಲಿನಿಂದ ಹಿಂದೆ ಸರಿದು, "ಹಗೂರ ಹೋಗ್ರಿ ಅಕ್ಕಾರ," ಎಂದು ದಾರಿ ಬಿಟ್ಟ.

ಹೂಲಿಗೆ ಹೋದರೆ ಹಳೆಯ ಗುಡಿಯೊಂದರ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಬಿಚ್ಚುತ್ತಿದ್ದೆವು. ಶೇಂಗಾ ಚಟ್ನಿ, ಮೊಸರು, ಒಂದು ಉಳ್ಳಾಗಡ್ಡಿ. ಇವರು ಒಂದೇ ಕೈಯವರಾದ್ದರಿಂದ ರೊಟ್ಟಿ ಮುರಿದುಕೊಡುವುದು ನಾನು. ನಾನು ಹಿಂದಿನ ಸೀಟಿನಲ್ಲಿದ್ದಾಗ ಹೇಳದೆ ಉಳಿದ ಮಾತುಗಳನ್ನೆಲ್ಲ ಇವರು ಆ ಮೆಟ್ಟಿಲ ಮೇಲೆ ಹೇಳಿದರು. ತಮ್ಮ ತಾಯಿಯ ವಿಷಯ, ಸಾಲೆ ಬಿಟ್ಟ ವಿಷಯ, ನನ್ನನ್ನು ನೋಡಲು ರಾಮದುರ್ಗಕ್ಕೆ ಬಂದಾಗ ಹೆದರಿ ಚಹಾ ಚೆಲ್ಲಿಕೊಂಡ ವಿಷಯ. ಗಂಡನಿಗೆ ಲಕ್ವಾ ಹೊಡೆದ ಮೇಲೆಯೇ ನನ್ನ ಸಂಸಾರ ಶುರುವಾಯಿತಲ್ಲ ಎಂದು ಒಳಗೊಳಗೆ ಹಿಗ್ಗುತ್ತಿದ್ದೆ, ಹಿಗ್ಗಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಹುಬ್ಬಳ್ಳಿಯಲ್ಲಿದ್ದ ನನ್ನ ಮೈದುನರಿಗೆ ಇದು ಸರಿಬರಲಿಲ್ಲ. ಅವರು ತಮ್ಮ ಗುರುತಿನ ಡಾಕ್ಟರರ ಹತ್ತಿರ ಇದ್ದ, ಹೊರದೇಶದಿಂದ ತರಿಸಿದ ಒಂದು ಆಟೋಮ್ಯಾಟಿಕ್ ಗಾಡಿಯನ್ನು ಬೇಡಿ ತಂದರು. "ಅಣ್ಣಾ, ಇದಕ್ಕ ಎಡಗಾಲು ಬೇಕಾಗೂದಿಲ್ಲ. ವೈನಿಗೂ ತ್ರಾಸ ತಪ್ಪತೈತಿ," ಎಂದರು. ನನಗೆ ತ್ರಾಸ ಆಗುತ್ತಿದೆ ಎಂದು ಮೈದುನರಿಗೆ ಯಾರು ಹೇಳಿದರು? ಅವರು ಇವರ ಪಕ್ಕದಲ್ಲಿ ಕುಳಿತರು, ನಾನು ಹಿಂದೆ ಹೋಗಿ ಕುಳಿತೆ. ಕಿತ್ತೂರಿನ ಹೆದ್ದಾರಿಗೆ ಹೋದೆವು, ಮರುದಿನ ಸವದತ್ತಿಯ ಏರಿಗೆ.

ಆ ಗಾಡಿಯಲ್ಲಿ ಗೇರುಗಳಿದ್ದವು, ಹಾಕುವುದು ಮಾತ್ರ ಅದರ ಮರ್ಜಿ. ಕ್ಲಚ್ಚಿನ ಬದಲು ಎಣ್ಣೆ ತುಂಬಿದ ಒಂದು ಡಬ್ಬಿ. ಎಂಜಿನ್ನು ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಮುಂದಿನದನ್ನು ತಿರುಗಿಸುತ್ತದೆ ಎಂದು ಮೈದುನರು ತಿಳಿಸಿ ಹೇಳಿದರು. ಹೆದ್ದಾರಿಯಲ್ಲಿ ಚೆನ್ನಾಗಿಯೇ ಹೋಯಿತು. ದನಿ ಏರಿ ಇಳಿಯುವುದು ಕೇಳಿಸುತ್ತಿತ್ತು, ಯಾರೋ ಒಳಗೆ ಕುಳಿತು ಹಾಕಿದ ಹಾಗೆ. ಆದರೆ ಸವದತ್ತಿಯ ಏರಿನಲ್ಲಿ ಅದು ಅನುಮಾನಕ್ಕೆ ಬಿತ್ತು. ಬೇವಿನ ಗಿಡ ದಾಟಿದರೂ ಗೇರು ಇಳಿಸಲಿಲ್ಲ. ಗಾಡಿ ಉಸಿರುಗಟ್ಟಿದ ಮೇಲೆ ಧಡಕ್ಕನೆ ಇಳಿಸಿತು, ಮತ್ತೆ ಏರಿಸಿತು, ಮತ್ತೆ ಇಳಿಸಿತು.

"ಏರು ಎದುರಿಗೆ ಐತಿ ಅಂತ ನನಗ ಕಾಣತೈತಿ. ಇದಕ್ಕ ಕಣ್ಣಿಲ್ಲ. ಏರು ಹತ್ತಿ ದಮ್ಮು ಹತ್ತಿದ ಮ್ಯಾಲ ಇದಕ್ಕ ತಿಳೀತೈತಿ," ಎಂದರು ಇವರು ತಮ್ಮನಿಗೆ. "ಈಕಿ ಹಂಗಲ್ಲ. ಗಿಡ ಕಂಡಕೂಡಲೇ ಕಾಲ ಎತ್ತಿ ಇಟ್ಟಿರತಾಳ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಇವರು ನನ್ನನ್ನು ಇನ್ನೊಬ್ಬರೆದುರು ಹೊಗಳಿದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿ ಕುಳಿತು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಆ ಗಾಡಿ ಡಾಕ್ಟರರ ಮನೆಗೆ ಮರಳಿತು.

ಮುಂದೆ ಐದಾರು ವರ್ಷ ನಮ್ಮ ಜೋಡಿಕಾಲಿನ ಸವಾರಿ ನಡೆಯಿತು. ಅಷ್ಟರಲ್ಲಿ ಅಂಬಾಸಿಡರಿಗೂ ವಯಸ್ಸಾಗಿತ್ತು, ನನಗೂ. ಆ ಕ್ಲಚ್ಚು ಮೊದಲಿನಿಂದಲೂ ಬಿರುಸು. ಓರೆಯಾಗಿ ಕುಳಿತು ಒತ್ತಿ ಒತ್ತಿ ನನ್ನ ಬಲ ಮೊಣಕಾಲು ಊದಿಕೊಳ್ಳುತ್ತಿತ್ತು. ಸಂಜೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಳ್ಳುವಾಗ ಇವರು ಓರೆಗಣ್ಣಿನಿಂದ ನೋಡುತ್ತಿದ್ದರು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ನಾನು ಸಾಲೆಯಿಂದ ಬರುವಷ್ಟರಲ್ಲಿ ಅಂಬಾಸಿಡರ್ ಅಂಗಳದಲ್ಲಿರಲಿಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಬೇರೆ ಗಾಡಿ. ಮೈದುನರ ಕೈಯಿಂದ ಇವರೇ ತರಿಸಿದ್ದರು, ನನಗೊಂದು ಮಾತು ಕೇಳದೆ. ಬಾಗಿಲು ತೆಗೆದು ನೋಡಿದೆ. ಕೆಳಗೆ ಎರಡೇ ಪೆಡಲ್, ಎರಡೂ ಡ್ರೈವರನ ಬಲಗಾಲಿನವು. ಮುಂದೆ ಎರಡು ಬೇರೆ ಬೇರೆ ಸೀಟು, ನಡುವೆ ಒಂದು ಗೋಡೆ ಎದ್ದ ಹಾಗೆ ಡಬ್ಬಿ, ಅದರ ಮೇಲೊಂದು ಹಿಡಿಕೆ. ಪಕ್ಕದಲ್ಲಿ ಕುಳಿತವಳ ಕಾಲಿಗೆ, ಕೈಗೆ ಅಲ್ಲಿ ಕೆಲಸವೇ ಇರಲಿಲ್ಲ.

"ಇದರಾಗ ಗೇರೇ ಇಲ್ಲ," ಎಂದು ಇವರು ಹುರುಪಿನಿಂದ ಹೇಳಿದರು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಕೋಲು ಊರುತ್ತ ಅಡುಗೆ ಮನೆಗೇ ಬಂದರು. ಎರಡು ಬಟ್ಟಲು ತೆಗೆದುಕೊಟ್ಟು, ತಳಕ್ಕೆ ತಳ ಎದುರು ಬದುರು ಹಿಡಿ ಎಂದರು. ನಡುವಿನ ಸಂದಿಯಲ್ಲಿ ಒಂದು ಲಾಡಿ ಸುತ್ತಿ ತಾವು ಹಿಡಿದರು. "ಬಟ್ಟಲ ಹತ್ತರ ತಾ." ತಂದೆ. ಲಾಡಿ ಮೇಲಕ್ಕೆ ಹತ್ತಿ ಅಗಲದ ಸುತ್ತಾಯಿತು. "ದೂರ ಸರಿಸು." ಸರಿಸಿದೆ. ಲಾಡಿ ಒಳಗಿಳಿದು ಸಣ್ಣ ಸುತ್ತಾಯಿತು. "ಹಿಂಗ ಎರಡು ಗಾಲಿ, ನಡುವ ಒಂದು ಪಟ್ಟಾ. ನಮ್ಮ ಜಿನ್ನಿನ್ಯಾಗ ದೊಡ್ಡ ಗಾಲಿಯಿಂದ ಸಣ್ಣ ಗಾಲಿಗೆ ಪಟ್ಟಾ ತಗದು ಹಾಕಬೇಕು. ಇಲ್ಲಿ ಗಾಲೀನ ಹಿಗ್ಗತೈತಿ, ಕುಗ್ಗತೈತಿ. ಮೆಟ್ಟಲಾನ ಇಲ್ಲ ಇದಕ್ಕ, ಪೂರಾ ಜಾರುಬಂಡಿ."

"ಲಾಡಿ ಹತ್ತೂದು ಇಳಿಯೂದು ತಿಳೀತು," ಎಂದೆ. "ಇದರಾಗ ನಾ ಎಲ್ಲಿ ಅದೇನಿ, ಅದನ್ನ ತೋರಸ್ರಿ."

ಇವರ ಮುಖದ ಹುರುಪು ಇಳಿದುಹೋಯಿತು. ಲಾಡಿಯನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋದರು.

ನಾನು ಹಟ ಹಿಡಿದು ಹಿಂದೆಯೇ ಕುಳಿತೆ. ಮುಂದಿನ ಎಡಗಡೆಯ ಸೀಟು ಖಾಲಿ. ಇವರು ಕನ್ನಡಿಯಲ್ಲಿ ನನ್ನನ್ನು ನೋಡುವುದು, ನಾನು ಹೊಲ ನೋಡುವುದು. ಸತ್ಯ ಹೇಳಬೇಕೆಂದರೆ ಗಾಡಿ ಚಲೋ ಇತ್ತು. ಡಾಕ್ಟರರ ಗಾಡಿಯ ಹಾಗೆ ಧಡಕ್ಕೆನ್ನುತ್ತಿರಲಿಲ್ಲ, ಏರಿನಲ್ಲಿ ಅನುಮಾನಿಸುತ್ತಿರಲಿಲ್ಲ, ಪೆಟ್ರೋಲು ಅಷ್ಟು ಕುಡಿಯುತ್ತಿರಲಿಲ್ಲ. ಒಂದೇ ಕಾಲಲ್ಲಿ ಇವರು ಆರಾಮಾಗಿ ಹೊಡೆಯುತ್ತಿದ್ದರು. ಆದರೆ ಅದರ ದನಿ! ಏರಿದ್ದು ಏರಿದಲ್ಲೇ ನಿಲ್ಲುತ್ತಿತ್ತು, ಪಕ್ಕದ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆದ ಹಾಗೆ. ಇನ್ನು ಸಾಕು ಎಂದು ಅದು ಹೇಳುತ್ತಲೇ ಇರಲಿಲ್ಲ. ಹೂಲಿಯ ಮೆಟ್ಟಿಲ ಮೇಲೆ ರೊಟ್ಟಿ ಮುರಿದುಕೊಟ್ಟೆ, ಮಾತು ಕೊಡಲಿಲ್ಲ.

ಒಂದು ವರ್ಷವಾಗಿರಬೇಕು, ಎರಡನೆಯ ಲಕ್ವಾ ಬಂತು. ಮೊದಲಿನಷ್ಟು ಜೋರಾಗಿರಲಿಲ್ಲ. ಬಲಗಾಲಿನ ಬಲ ತಗ್ಗಿತು, ಮಾತು ಸ್ವಲ್ಪ ತೊದಲಿತು. ಬ್ರೇಕಿನ ಮೇಲೆ ಕಾಲು ನಿಲ್ಲದಾಯಿತು. ಆಸ್ಪತ್ರೆಯಿಂದ ಬಂದು ಒಂದು ತಿಂಗಳಾದ ಮೇಲೆ ಗಾಡಿಯ ಕೀಲಿಕೈ ತೆಗೆದು ನನ್ನ ಮುಂದಿಟ್ಟರು.

"ಇನ್ನ ನೀ ಹೊಡಿ."

"ನನಗೆಲ್ಲಿ ಬರತೈತ್ರಿ?"

"ಬರತೈತಿ. ನನ್ನ ಸಲುವಾಗಿ ತಂದೇನಿ ಅಂತ ಮಾಡಿದ್ದಿಯೇನು ಇದನ್ನ? ನನಗ ಯಾವ ಗಾಡಿ ಆದರೂ ನಡೀತಿತ್ತು, ಬಾಜೂಕ ನೀ ಇದ್ದಿ. ನಾ ಇಲ್ಲದಾಗ ನಿನ್ನ ಬಾಜೂಕ ಯಾರು ಕುಂದರತಾರ? ನಿನಗ ಬರೂದು ಒಂದು ಬಲಗಾಲು. ಅದೂ ನೋಯತೈತಿ. ಇದಕ್ಕ ಅಷ್ಟ ಸಾಕು, ಹಗೂರ ಒತ್ತಿದರೂ ಹೊಕ್ಕೈತಿ."

"ಇದನ್ನ ಆವತ್ತ ಹೇಳಾಕ ಏನಾಗಿತ್ತು?"

"ಹೇಳಾಕ ನೀ ಮುಂದ ಎಲ್ಲಿ ಕುಂತಿ?"

ನಾನು ಅತ್ತೆ. ಇವರೂ ಅತ್ತರು. ಲಕ್ವಾ ಹೊಡೆದವರಿಗೆ ಬೇಗ ಅಳು ಬರುತ್ತದೆ ಎಂದು ಡಾಕ್ಟರರು ಹೇಳಿದ್ದರು, ಅದೇ ಇರಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು.

ಹತ್ತಿ ಒಡೆಯುವ ಹೊತ್ತಿಗೆ ನಾನು ಗಾಡಿ ಹೊಡೆದು ಇವರನ್ನು ಹೂಲಿಗೆ ಕರೆದುಕೊಂಡು ಹೋಗಬೇಕು ಎಂದು ಮಾತಾಯಿತು. ಅದೇ ಅಂಗಳದಲ್ಲಿ ಮತ್ತೆ ಕಲಿಕೆ. ಈ ಸಲ ಬಲಗಡೆ ನಾನು, ಎಡಗಡೆ ಇವರು. ಗಾಡಿ ಹೊರಡುವುದು ಸುಲಭ, ನಿಲ್ಲುವುದೂ ಸುಲಭ. ಕಷ್ಟ ನಡುವಿನದು. ದನಿ ಏರತೊಡಗಿದ ಕೂಡಲೇ ನನ್ನ ಬಲಗಾಲು, ಹತ್ತು ವರ್ಷದ ರೂಢಿಯ ಕಾಲು, ಕ್ಲಚ್ಚು ಒತ್ತಲು ಹೊರಡುತ್ತಿತ್ತು. ಅಲ್ಲಿ ಕ್ಲಚ್ಚೆಲ್ಲಿ? ಸಿಕ್ಕಿದ್ದು ಬ್ರೇಕು. ಅಂಬಾಸಿಡರಿನ ಬಿರುಸು ಕ್ಲಚ್ಚಿನ ಹಾಗೆ ಅದನ್ನು ನೆಲಕ್ಕೆ ಹತ್ತುವಂತೆ ತುಳಿಯುತ್ತಿದ್ದೆ. ಗಾಡಿ ಗಕ್ಕನೆ ನಿಲ್ಲುತ್ತಿತ್ತು, ಎಡಗಡೆ ಇವರು ಮುಂದಕ್ಕೆ ಬೀಳುತ್ತಿದ್ದರು. ಬೆಲ್ಟು ಹಾಕಿದ್ದರೂ ಸೋತ ಮೈ ವಾಲುತ್ತಿತ್ತು. ತುಳಿದ ಕ್ಷಣವೇ ನಾನು ಎಡಗೈ ಅಡ್ಡ ಚಾಚಿ ಇವರ ಎದೆ ಹಿಡಿಯುತ್ತಿದ್ದೆ.

"ಒತ್ತೂದು ಏನೂ ಇಲ್ಲ," ಎಂದು ತೊದಲುತ್ತ ಹೇಳುತ್ತಿದ್ದರು. "ದನಿ ಏರಿದರ ಏರಲಿ. ಅದರ ಪಾಡಿಗೆ ಅದು ಹೊಕ್ಕೈತಿ."

"ಸಾಕು ಅನ್ನೂದ ಇಲ್ಲಲ್ರಿ ಇದು. ಕಾಲು ಕಾಯತೈತಿ."

"ನಾ ಕಲಿಸಿದ್ದು ಪೂರಾ ಕಲತೀದಿ. ಈಗ ಮರಿಯೂದು ಕಲಿ," ಎಂದು ನಗುತ್ತಿದ್ದರು. ಬಿದ್ದಾಗೊಮ್ಮೆ ನಗುತ್ತಿದ್ದರು. ನನ್ನ ಕೈ ಎದೆಯ ಮೇಲಿರುವಾಗ ಅದರ ಮೇಲೆ ತಮ್ಮ ಬಲಗೈ ಇಟ್ಟು ಸ್ವಲ್ಪ ಹೊತ್ತು ಹಾಗೆಯೇ ಕೂಡುತ್ತಿದ್ದರು. ನಾನು ಕೆಲವು ಸಲ ಬೇಕೆಂದೇ ತುಳಿದೆನೇನೋ. ಈಗ ಹೇಳಲಾರೆ.

ಹತ್ತಿ ಒಡೆಯುವ ಮೊದಲೇ ಇವರು ಹೋದರು. ಮುಂಜಾನೆ ಚಹಾ ತಂದು ಎಬ್ಬಿಸಿದರೆ ಏಳಲಿಲ್ಲ.

ಮೈದುನರು ಬಂದು, "ವೈನಿ, ಗಾಡಿ ಮಾರೂನೇನ್ರಿ?" ಎಂದು ಕೇಳಿದರು. ಬೇಡವೆಂದೆ. ಅವರೇ ಕೆಲವು ರವಿವಾರ ಬಂದು ಪಕ್ಕದಲ್ಲಿ ಕುಳಿತು ಕಲಿಸಿದರು, ಲೈಸೆನ್ಸೂ ಆಯಿತು. ನನ್ನ ಕಾಲು ನಿಧಾನಕ್ಕೆ ಮರೆಯಿತು. ಸಾಲೆಗೆ, ಸಂತೆಗೆ, ಕಿತ್ತೂರಿನವರೆಗೂ ಒಬ್ಬಳೇ ಹೋಗಿಬಂದೆ, ಎಲ್ಲೂ ತಪ್ಪಲಿಲ್ಲ. ಗೇರಿಲ್ಲದ ಗಾಡಿ ಹೆಂಗಸರಿಗೆ ಬಹಳ ಅನುಕೂಲ ಎಂದು ನೆರೆಮನೆಯ ಅತ್ತಿಯವರೂ ಹೇಳಿದರು.

ಮರುವರ್ಷ ಹತ್ತಿ ಒಡೆದಾಗ ರೊಟ್ಟಿ ಕಟ್ಟಿಕೊಂಡು ಹೂಲಿಗೆ ಹೊರಟೆ. ಎರಡೂ ಬದಿಗೆ ಹೊಲ ಬೆಳ್ಳಗೆ ಬಿರಿದಿತ್ತು. ಗಾಡಿ ಗಿರಣಿಯ ದನಿ ಮಾಡುತ್ತ ತನ್ನ ಪಾಡಿಗೆ ತಾನು ಹೋಗುತ್ತ ಇತ್ತು. ಸವದತ್ತಿಯ ಏರು ಬಂತು. ಬೇವಿನ ಗಿಡದ ನೆರಳು ಗಾಡಿಯ ಮೂತಿಗೆ ತಾಕಿತು, ನನ್ನ ಬಲಗಾಲು ಹೋಗಿ ಬ್ರೇಕನ್ನು ನೆಲಕ್ಕೆ ತುಳಿಯಿತು. ಗಾಡಿ ಏರಿನ ಬುಡದಲ್ಲಿ ಗಕ್ಕನೆ ನಿಂತಿತು. ಹಿಂದಿನ ಲಾರಿಯವನು ಹಾರ್ನು ಬಡಿದು, ಏನೋ ಬೈದು, ಪಕ್ಕದಿಂದ ದಾಟಿಹೋದ.

ನಾನು ಎಡಕ್ಕೆ ನೋಡಿದೆ. ನನ್ನ ಎಡಗೈ ಆಗಲೇ ಅಡ್ಡ ಚಾಚಿತ್ತು. ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ.